ಕಂತಿನ ಲೆಕ್ಕದಲ್ಲಿ ಕನ್ನಡದ ಕಥೆ

ಇಂಟರ್ನೆಟ್ ಬಂದು ಬರಹಗಾರರ ಅನ್ನಕ್ಕೆ ಕಲ್ಲು ಹಾಕಿತು ಎಂಬ ಅಳಲು ಕನ್ನಡದ ಮಟ್ಟಿಗೆ ಅಷ್ಟಾಗಿ ಹೊಂದುವುದಿಲ್ಲ. ಬರೆದು ಉಣ್ಣುವ ಅನ್ನ ಇಲ್ಲಿ ಇದ್ದದ್ದೇ ಕಡಿಮೆ. ಕುವೆಂಪು ಮೇಷ್ಟ್ರಾಗಿದ್ದರು, ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆದರು, ಭೈರಪ್ಪ ತತ್ತ್ವಶಾಸ್ತ್ರ ಕಲಿಸಿದರು. ಬರವಣಿಗೆಯನ್ನೇ ನೆಚ್ಚಿಕೊಂಡ ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರಿಗೂ ಮೊದಲು ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 2025ರಲ್ಲಿ ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಐವತ್ತು ಸಾವಿರ ಪೌಂಡನ್ನು ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ ಸಮನಾಗಿ ಹಂಚಿಕೊಂಡ ಅದರ ಲೇಖಕಿ ಬಾನು ಮುಷ್ತಾಕ್ ಅವರ ಕಸುಬೂ ವಕೀಲಿಕೆಯೇ.

ಲೆಕ್ಕ ಸರಳ. ಇನ್ನೂರು ರೂಪಾಯಿಯ ಪುಸ್ತಕ, ಸಾವಿರ ಪ್ರತಿ, ಶೇ 10 ರಾಯಧನ ಎಂದಿಟ್ಟುಕೊಳ್ಳಿ. ಎಲ್ಲ ಪ್ರತಿ ಖರ್ಚಾದರೂ ಲೇಖಕರ ಕೈಗೆ ಬರುವುದು ಇಪ್ಪತ್ತು ಸಾವಿರ. ಅದೂ ಒಟ್ಟಿಗೆ ಬರುವುದಿಲ್ಲ. ಗ್ರಂಥಾಲಯದ ಸಗಟು ಖರೀದಿ ತಡವಾದರೆ ಪ್ರಕಾಶಕರ ಕೈಯೂ ಕಟ್ಟಿಹೋಗುತ್ತದೆ.

ಈ ಹಿನ್ನೆಲೆಯಲ್ಲೇ ಕಂತು ಕಂತಾಗಿ ಕಥೆ ಪ್ರಕಟಿಸುವ ಧಾರಾವಾಹಿ ಆ್ಯಪ್‌ಗಳನ್ನು ನೋಡಬೇಕು. 2014ರಲ್ಲಿ ಶುರುವಾದ, ಬೆಂಗಳೂರಿನ ಪ್ರತಿಲಿಪಿ ಇವುಗಳಲ್ಲಿ ಹೆಚ್ಚು ಪರಿಚಿತ. ಸಂಪಾದಕರಿಗೆ ಕಳಿಸಿ ತಿಂಗಳುಗಟ್ಟಲೆ ಕಾಯಬೇಕಿಲ್ಲ, ಶಿಫಾರಸು ಬೇಕಿಲ್ಲ, ಸಾಹಿತ್ಯ ವಲಯದ ಪರಿಚಯವೂ ಬೇಕಿಲ್ಲ. ಮನೆಗೆಲಸ ಮುಗಿಸಿ ರಾತ್ರಿ ಮೊಬೈಲಿನಲ್ಲೇ ಟೈಪಿಸುವ ಗೃಹಿಣಿಗೂ ಓದುಗರು ಸಿಗುತ್ತಾರೆ. ಚಂದಾದಾರರು, ಓದುಗರು ಆ್ಯಪಿನಲ್ಲೇ ಕೊಡುವ ನಾಣ್ಯಗಳ ಮೂಲಕ ಒಂದಿಷ್ಟು ದುಡ್ಡೂ ಬರುತ್ತದೆ. ‘ಅದು ಸಾಹಿತ್ಯವೇ ಅಲ್ಲ’ ಎಂದು ಮೂಗು ಮುರಿಯುವವರು, ತಮ್ಮ ಪತ್ರಿಕೆಗಳು ಇಂಥವರಿಗೆ ಎಷ್ಟು ಪುಟ ಕೊಟ್ಟಿದ್ದವು ಎಂದು ಒಮ್ಮೆ ಕೇಳಿಕೊಳ್ಳಲಿ.

ತಕರಾರು ಇರುವುದು ದುಡ್ಡು ಹುಟ್ಟುವ ರೀತಿಯಲ್ಲಿ. ಜನಪ್ರಿಯ ಕಥೆಯೊಂದರ ಯಾವುದಾದರೂ ಕಂತನ್ನು ತೆರೆಯಿರಿ. ಸಿರಿವಂತ, ಸಿಡುಕಿನ ಗಂಡ. ಒಲ್ಲದ ಮದುವೆಗೆ ತಲೆಬಾಗಿದ ಹುಡುಗಿ. ಮೊದಲ ಅರ್ಧ ಹಿಂದಿನ ಕಂತಿನ ಜಗಳದ ಪುನರಾವರ್ತನೆ. ಆಮೇಲೆ ಅತ್ತೆಯ ಒಂದು ಕೊಂಕು, ಅಡುಗೆಮನೆಯಲ್ಲಿ ಒಂದು ಕಣ್ಣೀರು. ಕೊನೆಯ ಸಾಲಿನಲ್ಲಿ ಬಾಗಿಲ ಬಳಿ ಯಾರನ್ನೋ ಕಂಡು ಅವಳು ಬೆಚ್ಚಿಬೀಳುತ್ತಾಳೆ. ಯಾರೆಂದು ತಿಳಿಯಲು ನಾಳೆಯವರೆಗೆ ಕಾಯಬೇಕು, ಇಲ್ಲವೇ ನಾಣ್ಯ ಕೊಡಬೇಕು. ಕೆಳಗೆ ಪ್ರತಿಕ್ರಿಯೆಗಳ ಸಾಲು: ‘ಮುಂದಿನ ಭಾಗ ಬೇಗ ಹಾಕಿ ಮೇಡಂ.’ ವಾಕ್ಯದ ಬಗ್ಗೆ, ಪಾತ್ರದ ಬಗ್ಗೆ ಮಾತಾಡುವವರು ಅಪರೂಪ.

ಕುತೂಹಲದ ಗಂಟು ಹೊಸದೇನಲ್ಲ. ‘ಸುಧಾ’, ‘ತರಂಗ’ ವಾರಪತ್ರಿಕೆಗಳ ಧಾರಾವಾಹಿಗಳೂ ಓದುಗರನ್ನು ವಾರವಿಡೀ ಕಾಯಿಸಿದವೇ. ಆದರೆ ಅಲ್ಲಿ ಪುಟಕ್ಕೆ ಮಿತಿಯಿತ್ತು, ಕತ್ತರಿ ಹಿಡಿದ ಸಂಪಾದಕರಿದ್ದರು, ಸರದಿಯಲ್ಲಿ ಇನ್ನೊಂದು ಕಾದಂಬರಿ ಕಾದಿರುತ್ತಿತ್ತು. ಹಾಗಾಗಿ ಕಥೆ ಮುಗಿಯಲೇಬೇಕಿತ್ತು. ಆ್ಯಪಿನಲ್ಲಿ ಕಥೆ ಮುಗಿದರೆ ವರಮಾನವೂ ನಿಂತೀತು. ಇಪ್ಪತ್ತು ಕಂತಿಗೆ ಸಾಕಾಗುವ ವಸ್ತುವನ್ನು ಇನ್ನೂರಕ್ಕೆ ಹಿಗ್ಗಿಸುವಂತೆ ಆ ವ್ಯವಸ್ಥೆಯೇ ಪುಸಲಾಯಿಸುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಪುಟ್ಟ ಕಾದಂಬರಿ. ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗುತ್ತದೆ. 1983ರಲ್ಲಿ ಸಿನಿಮಾ ಆಯಿತು, ಇಂದಿಗೂ ಓದಿಸಿಕೊಳ್ಳುತ್ತದೆ. ಕಂತಿನ ಲೆಕ್ಕದಲ್ಲಿ ಮಾತ್ರ ಅದು ನಷ್ಟದ ಬಾಬ್ತು. ನಾಣ್ಯ ಬೀಳಲು ಶುರುವಾಗುವಷ್ಟರಲ್ಲೇ ಮುಗಿದುಹೋಗಬಹುದು.

ಇನ್ನೊಂದು ಅಪಾಯ ಹೊಸ್ತಿಲಿಗೇ ಬಂದಿದೆ. ಒಂದೇ ಅಚ್ಚಿನ ಜಗಳ, ಒಂದೇ ಅಚ್ಚಿನ ರಾಜಿಯನ್ನು ದಿನಕ್ಕೊಂದರಂತೆ ಹೆಣೆಯುವ ಕೆಲಸವನ್ನು ಎಐ ನಿದ್ದೆಗೆಡದೆ ಮಾಡಬಲ್ಲದು. ಕನ್ನಡದಲ್ಲಿ ಇವತ್ತು ತಡವರಿಸಿದರೂ ನಾಳೆ ಪಳಗುತ್ತದೆ. ಸೂತ್ರಕ್ಕೆ ಒಗ್ಗಿಕೊಂಡ ಬರಹಗಾರರ ಜಾಗವೇ ಮೊದಲು ಹೋಗುವುದು. ಮಂಡ್ಯದ ಹಿತ್ತಿಲಲ್ಲೋ ಕಲಬುರಗಿಯ ಓಣಿಯಲ್ಲೋ ತಾನೇ ಕೇಳಿಸಿಕೊಂಡ ಮಾತನ್ನು ಬರೆಯುವವರಿಗೆ ಆ ಭಯ ಅಷ್ಟಿಲ್ಲ. ಆದರೆ ಆ್ಯಪಿನ ಲೆಕ್ಕಾಚಾರ ಉತ್ತೇಜಿಸುತ್ತಿರುವುದು ಅಂಥ ಬರಹವನ್ನಲ್ಲ.

ಹಾಗೆಂದು ಆ್ಯಪ್ ಬಿಟ್ಟುಬಿಡಿ ಎನ್ನುವುದು ಹೊಟ್ಟೆ ತುಂಬಿದವರ ಉಪದೇಶ. ಅಲ್ಲಿ ಸಿಕ್ಕ ಓದುಗರನ್ನು ಉಳಿಸಿಕೊಂಡು ಮುಗಿದ ಕಥೆಯನ್ನು ಪುಸ್ತಕವಾಗಿಸಬಹುದು, ಮೈಲ್ಯಾಂಗ್‌ನಂಥ ಕಡೆ ಇ-ಪುಸ್ತಕ, ಆಡಿಯೊ ಪುಸ್ತಕವಾಗಿಯೂ ಕೊಡಬಹುದು. ಒಂದೇ ಕೃತಿ ಮೂರು ನಾಲ್ಕು ದಾರಿಯಲ್ಲಿ ಗಳಿಸಿದರೆ ಮಾತ್ರ ಬರವಣಿಗೆ ಕಸುಬಾದೀತು. ಅದಕ್ಕೆ ಹಕ್ಕು ಬರೆದವರ ಕೈಯಲ್ಲಿ ಇರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ. ಅವಧಿ ಬರೆದಿದ್ದರೆ ಬರೆದಷ್ಟು. ಆ್ಯಪಿನ ‘ಒಪ್ಪಿದ್ದೇನೆ’ ಗುಂಡಿ ಒತ್ತುವ ಮೊದಲು ಅದರ ಷರತ್ತುಗಳನ್ನು ಎಷ್ಟು ಮಂದಿ ಓದುತ್ತಾರೆ?

ಓದುಗರನ್ನು ದೊರಕಿಸಿಕೊಟ್ಟ ವಿಷಯದಲ್ಲಿ ಈ ಆ್ಯಪ್‌ಗಳಿಗೆ ಪೂರ್ತಿ ಅಂಕ ಕೊಡಬೇಕು. ಲೇಖಕರನ್ನು ಬೆಳೆಸುವ ವಿಷಯದಲ್ಲಿ ಅವು ಇನ್ನೂ ನಪಾಸು. ಮುಗಿದ ಕೃತಿಗೂ ಸಂಭಾವನೆ, ತಿದ್ದಿ ಹೇಳುವ ಒಬ್ಬ ಕನ್ನಡ ಸಂಪಾದಕ, ಕನ್ನಡದಲ್ಲೇ ಬರೆದ ಕರಾರು: ಇಷ್ಟನ್ನು ಕೇಳುವ ಬಲ ಇವತ್ತು ಸಾವಿರಾರು ಓದುಗರನ್ನು ಬೆನ್ನಿಗಿಟ್ಟುಕೊಂಡ ಆ ಲೇಖಕಿಯರಿಗಿದೆ. ಒಗ್ಗಟ್ಟಾಗಿ ಕೇಳಬೇಕಷ್ಟೆ.