ಪಾಠ ಲಿನಕ್ಸಿನದು, ಲ್ಯಾಪ್‌ಟಾಪ್ ವಿಂಡೋಸಿನದು

ನೋಡ್.ಜೆಎಸ್ ಹಾಕಿಕೊಳ್ಳಿ, ಎರಡು ಕಮಾಂಡ್ ಹೊಡೆಯಿರಿ, ಆ್ಯಪ್ ಓಡುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದಿದ್ದರೂ ಸರಿ. ಜಾವಾಸ್ಕ್ರಿಪ್ಟ್ ಪಾಠಗಳು ಮೊದಲ ಪುಟದಲ್ಲೇ ಕೊಡುವ ಭರವಸೆ ಇದು. ಮ್ಯಾಕ್ ಮುಂದೆ ಕೂತವರಿಗೆ ಬಹುಮಟ್ಟಿಗೆ ನಿಜವೇ. ಕುಪ್ಪೇಲೂರಿನಿಂದ ರಾಣೆಬೆನ್ನೂರಿನ ಕಾಲೇಜಿಗೆ ಓಡಾಡುವ ಹುಡುಗಿಯೊಬ್ಬಳ ಬಳಿ ವಿಂಡೋಸ್ ಲ್ಯಾಪ್‌ಟಾಪ್, ಮೊಬೈಲಿನ ಹಾಟ್‌ಸ್ಪಾಟ್ ಇವೆ ಎಂದುಕೊಳ್ಳಿ. ಪ್ಯಾಕೇಜು ಇಳಿಸಲು ಎನ್‌ಪಿಎಂ ಎಂದು ಹೊಡೆದೊಡನೆ ವಿಂಡೋಸಿನ ಕಮಾಂಡ್ ಕಿಟಕಿ ಪವರ್‌ಶೆಲ್, ಸ್ಕ್ರಿಪ್ಟಿಗೆ ಅನುಮತಿಯಿಲ್ಲವೆಂದು ಕೆಂಪಕ್ಷರದಲ್ಲಿ ಗದರುತ್ತದೆ. ತಪ್ಪು ತನ್ನದೇ ಎಂದು ಆಕೆ ತಿಳಿಯುತ್ತಾಳೆ. ಪಾಠ ಬರೆದವರು ಆ ಪರದೆಯನ್ನು ನೋಡಿಯೇ ಇಲ್ಲ.

ಇದಕ್ಕೆ ಹಿನ್ನೆಲೆ ಇದೆ. 2009ರಲ್ಲಿ ರಯಾನ್ ಡಾಲ್ ನೋಡ್ ರಚಿಸಿದ್ದು ಯುನಿಕ್ಸ್ ಮಾದರಿಯ ಯಂತ್ರಗಳಿಗೆ. ವಿಂಡೋಸಿನಲ್ಲಿ ಅದು ನೇರವಾಗಿ ಓಡತೊಡಗಿದ್ದು 2011ರ 0.6 ಆವೃತ್ತಿಯಿಂದ. ತಡವಾಗಿ ಬಂದವರಿಗೆ ಪಂಕ್ತಿಯ ಕೊನೆಯೇ ಗತಿ. ನೋಡ್ ಆವೃತ್ತಿ ಬದಲಿಸಲು ಎಲ್ಲರೂ ಹೊಗಳುವ ಎನ್‌ವಿಎಂ ವಿಂಡೋಸಿಗೆ ಇಲ್ಲ. ಅಲ್ಲಿ ಸಿಗುವ ಎನ್‌ವಿಎಂ-ವಿಂಡೋಸ್ ಬೇರೆಯವರು ಬರೆದ ಬೇರೆಯದೇ ಸಾಧನ.

ಕನ್ನಡದವರಿಗೆ ಇನ್ನೊಂದು ಪೆಟ್ಟು ಬಹಳ ಕಾಲ ಇತ್ತು. ಬ್ಯಾಡಗಿ ಮೆಣಸಿನಕಾಯಿ ದರ ತೋರಿಸುವ ಪುಟ ಕಟ್ಟುತ್ತೀರಿ, ದಿನಾಂಕ ಕನ್ನಡದಲ್ಲಿ ಬರಲೆಂದು 'ಕೆಎನ್-ಐಎನ್' ಎಂಬ ಭಾಷಾಸಂಕೇತ ಕೊಡುತ್ತೀರಿ. ಬ್ರೌಸರಿನಲ್ಲಿ 'ಜನವರಿ' ಬಂತು. ನೋಡ್‌ನಲ್ಲಿ ಓಡಿಸಿದರೆ ಇಂಗ್ಲಿಷ್ ತಿಂಗಳು. ದೋಷದ ಸೂಚನೆ ಒಂದೂ ಇಲ್ಲ. ಅಧಿಕೃತ ನೋಡ್ ಜೊತೆ ಇಂಗ್ಲಿಷಿನ ಭಾಷಾದತ್ತಾಂಶ ಮಾತ್ರ ಬರುತ್ತಿತ್ತು. ಡೆಬಿಯನ್ ಲಿನಕ್ಸಿನವರು ಕೊಡುವ ನೋಡ್ ವ್ಯವಸ್ಥೆಯದೇ ದತ್ತಾಂಶ ಬಳಸುತ್ತಿದ್ದರಿಂದ ಅಲ್ಲಿ ಕನ್ನಡ ಬರುತ್ತಿತ್ತು. ಒಂದೇ ಕೋಡ್, ಎರಡು ಯಂತ್ರ, ಎರಡು ಭಾಷೆ! 2019ರ ಅಕ್ಟೋಬರಿನಲ್ಲಿ ಬಂದ 13ನೇ ಆವೃತ್ತಿ ಎಲ್ಲ ಭಾಷೆಗಳನ್ನೂ ಸೇರಿಸಿತು. ಈ ಒಂದು ಬದಲಾವಣೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರದ ಗೋಳು ಮಾತ್ರ ಇನ್ನೂ ಇದೆ: ವಿಂಡೋಸಿನಲ್ಲಿ ನಡೆದದ್ದು ಲಿನಕ್ಸ್ ಸರ್ವರಿನಲ್ಲಿ 'ಫೈಲ್ ಸಿಗಲಿಲ್ಲ' ಎನ್ನುತ್ತದೆ. (ಕನ್ನಡದಲ್ಲಿ ಹೆಸರಿಟ್ಟರೆ ಈ ರಗಳೆಯೇ ಇಲ್ಲ, ಯಾರೂ ಇಡುವುದಿಲ್ಲ ಅನ್ನಿ.)

ಇಂಥ ಗೋಳಿಗೆಲ್ಲ ಬಲ್ಲವರ ಮದ್ದು ಒಂದೇ: ವಿಂಡೋಸಿನೊಳಗೇ ಡಬ್ಲ್ಯುಎಸ್‌ಎಲ್ ಮೂಲಕ ಲಿನಕ್ಸ್ ಹಾಕಿ. ಮದ್ದು ಒಳ್ಳೆಯದೇ, ಆದರೆ 4 ಜಿಬಿ ಮೆಮೊರಿಯ ಲ್ಯಾಪ್‌ಟಾಪಿಗೆ ಅದು ಭಾರ. ಪ್ರಾಜೆಕ್ಟ್ ಸಿ ಡ್ರೈವಿನಲ್ಲೇ ಉಳಿದರಂತೂ ಎಲ್ಲವೂ ತೆವಳುತ್ತದೆ. ಅದಕ್ಕಿಂತ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಕಡೆ ನೋಡ್ ಆವೃತ್ತಿ ಬದಲಿಸಬಲ್ಲ ಎಫ್‌ಎನ್‌ಎಂ, ಆ ಆವೃತ್ತಿ ಬರೆದಿಟ್ಟ ಒಂದು ಸಾಲಿನ ಫೈಲು, ಜೊತೆಗೆ ಪ್ಯಾಕೇಜುಗಳ ನಿಖರ ಆವೃತ್ತಿ ಬರೆದಿಟ್ಟ ಲಾಕ್ ಫೈಲ್ ನೋಡಿ ಅದರಂತೆಯೇ ಇಳಿಸುವ 'ಎನ್‌ಪಿಎಂ ಸಿಐ' ನನಗೆ ಮೇಲು. ಅದಕ್ಕೆ 'ಪ್ರಿಫರ್-ಆಫ್‌ಲೈನ್' ಸೇರಿಸಿದರೆ ಒಮ್ಮೆ ಇಳಿದ ಪ್ಯಾಕೇಜುಗಳು ಕ್ಯಾಶ್‌ನಿಂದಲೇ ಬರುತ್ತವೆ, ದಿನದ ಡೇಟಾ ಉಳಿಯುತ್ತದೆ. ಹಾಟ್‌ಸ್ಪಾಟ್ ನಂಬಿದವರಿಗೆ ಮೊದಲ ಪುಟದಲ್ಲಿ ಬೇಕಾದದ್ದು ಈ ಸಾಲು.