ಯಶವಂತಪುರದ ರೋಮನ್ ಬೆಳ್ಳಿನಾಣ್ಯಗಳು: ಒಂದು ವಿಮರ್ಶೆ

ಬೆಂಗಳೂರಿನ ಪ್ರಾಚೀನತೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ಸಾಕ್ಷ್ಯಗಳನ್ನು ಮುಂದಿಡುವರು. ಒಂದು, ಸುಮಾರು ಕ್ರಿ.ಶ. 900ರ ಬೇಗೂರಿನ ವೀರಗಲ್ಲು. ಮತ್ತೊಂದು, ಈಗಿನ ರಾಜಾಜಿನಗರದ ನೆರೆಯಲ್ಲಿರುವ ಯಶವಂತಪುರದಲ್ಲಿ 1891ರಲ್ಲಿ ರೈಲುಮಾರ್ಗದ ಕೆಲಸ ನಡೆದಾಗ ದೊರೆತ 163 ರೋಮನ್ ಬೆಳ್ಳಿನಾಣ್ಯಗಳ ನಿಕ್ಷೇಪ. ಇದರಲ್ಲಿ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ದಿನಾರಿಯಸ್‌ಗಳಿರುವುದರಿಂದ, ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ಇಲ್ಲಿ ಯವನರೊಡನೆ ವ್ಯಾಪಾರ ನಡೆಸುತ್ತಿದ್ದ ಪಟ್ಟಣವೊಂದಿತ್ತೆಂದು ಹಲವರು ತೀರ್ಮಾನಿಸಿರುವರು. ಈ ತೀರ್ಮಾನವನ್ನು ನಾವು ಒಪ್ಪಲಾರೆವು.

ನಾಣ್ಯವು ಅಚ್ಚಾದ ಕಾಲ ಬೇರೆ, ಅದು ನೆಲದಲ್ಲಿ ಹೂಳಲ್ಪಟ್ಟ ಕಾಲ ಬೇರೆ. ನಿಕ್ಷೇಪದ ಕಡೆಯ ನಾಣ್ಯವು ಅದಕ್ಕಿಂತ ಮೊದಲು ಹೂಳಿರಲಾರರೆಂಬುದನ್ನು ಮಾತ್ರ ತಿಳಿಸುತ್ತದೆ. ಎಷ್ಟು ಕಾಲದ ಅನಂತರವೆಂಬುದನ್ನು ತಿಳಿಸುವುದಿಲ್ಲ. ಇಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚಾಗಿ ಬೇಕು. ಒಂದು ರೋಮನ್ ಪೌಂಡು ಬೆಳ್ಳಿಗೆ 84 ದಿನಾರಿಯಸ್‌ಗಳೆಂಬ ಲೆಕ್ಕವನ್ನು ಕ್ರಿ.ಶ. 64ರಲ್ಲಿ ನೀರೋ 96ಕ್ಕೆ ಏರಿಸಿದನು. ಬೆಳ್ಳಿಯ ಶುದ್ಧತೆಯನ್ನೂ ತಗ್ಗಿಸಿದನು. ನಾಣ್ಯವನ್ನು ತೂಕದಿಂದ ಕೊಳ್ಳುವ ದೂರದೇಶದ ವರ್ತಕರಿಗೆ ಆಮೇಲೆ ಹಳೆಯ ನಾಣ್ಯವೇ ಹೆಚ್ಚು ಪ್ರಿಯವಾಯಿತು. ಗಾಯಸ್ ಮತ್ತು ಲೂಸಿಯಸ್ ಎಂಬ ಕುಮಾರರು ಗುರಾಣಿಗಳನ್ನು ಹಿಡಿದು ನಿಂತಿರುವ ಅಗಸ್ಟಸನ ನಾಣ್ಯವೂ, ಆಸೀನಳಾದ ಸ್ತ್ರೀಯ ಚಿತ್ರವಿರುವ ಟೈಬೀರಿಯಸನ ನಾಣ್ಯವೂ ದಕ್ಷಿಣಭಾರತದಲ್ಲಿ ಹೇರಳವಾಗಿ ಸಿಗುವುದಕ್ಕೆ ಇದೂ ಒಂದು ಕಾರಣವೆಂದು ಮ್ಯಾಕ್‌ಡೊವಾಲ್ ಮುಂತಾದ ನಾಣ್ಯಶಾಸ್ತ್ರಜ್ಞರು ವಾದಿಸಿರುವರು. ಹಾಗಾದರೆ ನೀರೋವಿನ ಹೊಸ ನಾಣ್ಯ ಇಲ್ಲದಿರುವುದರಿಂದ ನಿಕ್ಷೇಪವು ಕ್ರಿ.ಶ. 64ಕ್ಕೆ ಹಿಂದಿನದೆಂದು ಸಾಧಿಸಲಾಗದು.

ಮೊತ್ತವನ್ನಾದರೂ ನೋಡೋಣ. ಅಗಸ್ಟಸನ ಕಾಲದ ಸಾಮಾನ್ಯ ಪದಾತಿಯ ವಾರ್ಷಿಕ ವೇತನ 225 ದಿನಾರಿಯಸ್. ಯಶವಂತಪುರದ ನಿಧಿ ಅದಕ್ಕೂ ಕಡಿಮೆ! ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್, ಅಂದರೆ ಒಂದೂಕಾಲು ಕೋಟಿ ದಿನಾರಿಯಸ್ ಬೆಲೆಯ ಹಣವನ್ನು ಸೆಳೆದುಕೊಳ್ಳುತ್ತದೆಯೆಂದು ಪ್ಲಿನಿ ಗೊಣಗಿದ್ದನು. ಅದರ ಮುಂದೆ ಇದು ಒಬ್ಬ ವರ್ತಕನ ಸೊಂಟದ ಗಂಟು. ಗಂಟೊಂದರಿಂದ ಪಟ್ಟಣವನ್ನು ಕಟ್ಟುವುದು ಸಾಹಸವೇ ಸರಿ. 1965ರಲ್ಲಿ ಎಚ್.ಎ.ಎಲ್. ಪ್ರದೇಶದಲ್ಲಿ ದೊರೆತ 256 ನಾಣ್ಯಗಳನ್ನು ಜೊತೆಗಿಟ್ಟರೆ ಈ ಪ್ರಸ್ಥಭೂಮಿಯಲ್ಲಿ ರೋಮನ್ ಬೆಳ್ಳಿ ಸಂಚರಿಸುತ್ತಿತ್ತೆಂಬುದಕ್ಕೆ ಬಲ ಬರುವುದು ನಿಜ. ಆದರೆ ಸಂಚಾರವೇ ನೆಲೆಯಲ್ಲ.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಸ್ಥಿತಿ ಬೇರೆ. ಅಲ್ಲಿ ಎಂ.ಎಚ್. ಕೃಷ್ಣ ಅವರು 1929ರಲ್ಲಿಯೂ, ವೀಲರ್ 1947ರಲ್ಲಿಯೂ ಅಗೆತ ನಡೆಸಿದರು. ರೋಮನ್ ನಾಣ್ಯಗಳ ಜೊತೆಗೆ ಶಾತವಾಹನರ ನಾಣ್ಯಗಳೂ ಮಡಕೆಚೂರುಗಳೂ ಮಣ್ಣಿನ ಪದರಗಳಲ್ಲಿ ಸಿಕ್ಕಿದವು. ಜನವಸತಿಯನ್ನು ನಿರ್ಣಯಿಸುವುದು ಅಂತಹ ಸಾಹಚರ್ಯ. ಯಶವಂತಪುರದಲ್ಲಿ ಗುದ್ದಲಿಯ ಗುರಿ ರೈಲುಹಳಿಯಾಗಿತ್ತು, ಇತಿಹಾಸವಾಗಿರಲಿಲ್ಲ. ಈಗ ಆ ನೆಲದ ಮೇಲೆ ಕಟ್ಟಡಗಳು ಒತ್ತಾಗಿ ನಿಂತಿವೆ. ಆದರೂ ಪಶ್ಚಿಮ ಬೆಂಗಳೂರಿನಿಂದ ಕೆಂಗೇರಿಯವರೆಗೆ ಹೊಸ ಅಡಿಪಾಯ ತೋಡುವಾಗ ಹೊರಬರುವ ಮಡಕೆಚೂರುಗಳನ್ನು ಅವು ಸಿಕ್ಕ ಆಳದೊಡನೆ ಗುರುತುಹಾಕಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಇಂದಿಗೂ ಮಾಡಬಹುದು.