ಭಯಾನಕ ರಸವೂ ಮನೆವಾರ್ತೆಯ ಲೆಕ್ಕವೂ: ಸ್ಟೀಫನ್ ಕಿಂಗರ ಕಾದಂಬರಿಗಳನ್ನು ಕುರಿತು

ಅಮೆರಿಕದ ಸಾಹಿತ್ಯಕ್ಕೆ ವಿಶಿಷ್ಟ ಸೇವೆ ಸಲ್ಲಿಸಿದವರಿಗೆ ನ್ಯಾಷನಲ್ ಬುಕ್ ಫೌಂಡೇಶನ್ ಕೊಡುವ ಪದಕವು 2003ರಲ್ಲಿ ಸ್ಟೀಫನ್ ಕಿಂಗರಿಗೆ ಸಂದಾಗ ಆ ದೇಶದ ವಿದ್ವದ್ವಲಯದಲ್ಲಿ ದೊಡ್ಡ ವಾಗ್ವಾದವೆದ್ದಿತು. ವಿಮರ್ಶಕ ಹೆರಾಲ್ಡ್ ಬ್ಲೂಮರು ಈ ಆಯ್ಕೆಯನ್ನು ಬಹಿರಂಗವಾಗಿ ಖಂಡಿಸಿದರು. ಕಿಂಗರಾದರೋ ಪದಕವನ್ನು ಸ್ವೀಕರಿಸುತ್ತ, ಜನಪ್ರಿಯ ಸಾಹಿತ್ಯಕ್ಕೂ ಗಂಭೀರ ಸಾಹಿತ್ಯಕ್ಕೂ ನಡುವೆ ಸೇತುವೆ ಕಟ್ಟಬೇಕೆಂದು ಕೇಳಿಕೊಂಡರು. ಪದಕಕ್ಕೆ ಅರ್ಹರು ಯಾರೆಂಬುದು ಅಮೆರಿಕದವರ ಮನೆಯ ವಿಚಾರ. ಕನ್ನಡದ ಲೇಖಕನಿಗೆ ಪ್ರಯೋಜನವಾಗುವ ಪ್ರಶ್ನೆ ಬೇರೆಯೇ ಇದೆ: ಭೂತಪ್ರೇತಗಳಲ್ಲಿ ಲವಲೇಶವೂ ವಿಶ್ವಾಸವಿಲ್ಲದ ಓದುಗನನ್ನು ಈತ ನಾನೂರು ಐನೂರು ಪುಟಗಳವರೆಗೆ ಹಿಡಿದು ಕೂಡಿಸುವುದು ಯಾವ ಬಲದಿಂದ?

ಭಾರತೀಯ ಆಲಂಕಾರಿಕರಿಗೆ ಭಯಾನಕವು ಹೊಸ ರಸವಲ್ಲ. ವಿಕೃತ ಧ್ವನಿ, ಪ್ರೇತದರ್ಶನ, ನರಿ ಗೂಬೆಗಳ ಕೂಗು, ಬರಿದಾದ ಮನೆ, ಅರಣ್ಯ, ಸ್ವಜನರ ವಧೆ ಮತ್ತು ಬಂಧನ ಇವುಗಳನ್ನು ಭರತನು ಅದರ ವಿಭಾವಗಳಲ್ಲಿ ಎಣಿಸಿದ್ದಾನೆ. ಭಯವೆಂಬ ಸ್ಥಾಯಿಯು ಸ್ತ್ರೀಯರಿಗೂ ನೀಚ ಪ್ರಕೃತಿಯವರಿಗೂ ಸೇರಿದುದೆಂಬುದು ಅವನ ಮತ. ಬೀಭತ್ಸದಿಂದ ಭಯಾನಕವು ಹುಟ್ಟುತ್ತದೆಂದೂ ಹೇಳಿದ್ದಾನೆ. ಕಿಂಗರು 1981ರಲ್ಲಿ ಪ್ರಕಟಿಸಿದ 'ಡಾನ್ಸ್ ಮಕಾಬರ್' ಎಂಬ ವಿಚಾರಗ್ರಂಥದಲ್ಲಿ ಇಂಥದೇ ಒಂದು ಶ್ರೇಣಿ ಕಾಣುತ್ತದೆ. ಕಣ್ಣಿಗೆ ಬೀಳದ, ಕೇವಲ ನಿರೀಕ್ಷೆಯಿಂದ ಹುಟ್ಟುವ ಭೀತಿಗೆ ಮೊದಲ ಸ್ಥಾನ, ವಿಕಾರವು ಎದುರಿಗೆ ಬಂದಾಗ ಆಗುವ ತಲ್ಲಣಕ್ಕೆ ಎರಡನೆಯದು, ಜುಗುಪ್ಸೆಗೆ ಕೊನೆಯದು. ಇಷ್ಟರಮಟ್ಟಿಗೆ ಇಬ್ಬರಿಗೂ ಮಾತುಕತೆ ಸಾಧ್ಯ. ಆದರೆ ಭಯವು ಯಾರಿಗೆ ಸೇರಿದ್ದೆಂಬ ವಿಷಯದಲ್ಲಿ ಕಿಂಗರ ದಾರಿ ಬೇರೆ. ಅವರ ಭಯಕ್ಕೆ ಆಶ್ರಯನಾದವನು ಉತ್ತಮ ಪ್ರಕೃತಿಯವನೂ ಅಲ್ಲ, ನೀಚನೂ ಅಲ್ಲ. ತಿಂಗಳ ಸಂಬಳವನ್ನು ನಂಬಿ ಬದುಕುವ ಗೃಹಸ್ಥ.

1977ರ 'ದಿ ಶೈನಿಂಗ್' ಇದಕ್ಕೆ ಉತ್ತಮ ನಿದರ್ಶನ. ಕೊಲರಾಡೊ ರಾಜ್ಯದ ಬೆಟ್ಟಗಳ ನಡುವೆ ಚಳಿಗಾಲದಲ್ಲಿ ಮುಚ್ಚಿರುವ ಭಾರಿ ಹೋಟೆಲೊಂದು. ಅದನ್ನು ನೋಡಿಕೊಳ್ಳಲು ಹೆಂಡತಿ ಮತ್ತು ಐದು ವರ್ಷದ ಮಗನೊಡನೆ ಬಂದು ನೆಲಸುವ ಜ್ಯಾಕ್ ಟಾರೆನ್ಸ್. ಹೋಟೆಲಿನ ದುಷ್ಟಶಕ್ತಿ ಅವನನ್ನು ಆವರಿಸುವುದು. ಕಥೆಯ ಎಲುಬು ಇಷ್ಟೇ, ಮತ್ತು ಇದು ಹಳೆಯ ಎಲುಬು. ಭರತನ 'ಬರಿದಾದ ಮನೆ'ಯೇ ಇಲ್ಲಿ ಹೋಟೆಲಾಗಿದೆ. ಆದರೆ ಕಾದಂಬರಿಯು ಪ್ರಾರಂಭವಾಗುವುದು ಪ್ರೇತದಿಂದಲ್ಲ, ಕೆಲಸದ ಸಂದರ್ಶನದಿಂದ. ಎದುರಿಗೆ ಕುಳಿತ ವ್ಯವಸ್ಥಾಪಕನಿಗೆ ಈ ಅಭ್ಯರ್ಥಿ ಬೇಕಾಗಿಲ್ಲ. ಅಭ್ಯರ್ಥಿಗೆ ಆ ವ್ಯವಸ್ಥಾಪಕನನ್ನು ಕಂಡರಾಗದು. ಆದರೂ ನಗುಮುಖ ತಾಳಲೇಬೇಕು. ಜ್ಯಾಕನು ಕುಡಿತಕ್ಕೆ ಬಿದ್ದಿದ್ದವನು. ಒಮ್ಮೆ ಕೋಪದ ಭರದಲ್ಲಿ ಮಗನ ತೋಳು ಮುರಿದವನು. ವಿದ್ಯಾರ್ಥಿಯೊಬ್ಬನನ್ನು ಹೊಡೆದು ಉಪಾಧ್ಯಾಯನ ಕೆಲಸ ಕಳೆದುಕೊಂಡವನು. ಈ ಕೆಲಸವೂ ಸ್ನೇಹಿತನ ಶಿಫಾರಸಿನಿಂದ ದೊರೆತದ್ದು. ಇದು ಕೈತಪ್ಪಿದರೆ ಮುಂದೇನೆಂಬ ಪ್ರಶ್ನೆ ಪ್ರೇತಕ್ಕಿಂತ ಮೊದಲೇ ಹೋಟೆಲಿನೊಳಗೆ ಕಾಲಿಟ್ಟಿರುತ್ತದೆ.

ಹೋಟೆಲಿನ ನೆಲಮಾಳಿಗೆಯಲ್ಲಿ ಹಳೆಯದೊಂದು ಬಾಯ್ಲರಿದೆ. ಅದರ ಒತ್ತಡ ತಾನಾಗಿ ಏರುತ್ತ ಹೋಗುತ್ತದೆ. ದಿನವೂ ಇಳಿದು ಹೋಗಿ ನೋಡಿ ಉಗಿಯನ್ನು ಬಿಡಬೇಕು, ಮರೆತರೆ ಕಟ್ಟಡವೇ ಸಿಡಿಯುತ್ತದೆ. ಒರಟು ಮಾತಿನ ಕೆಲಸಗಾರನೊಬ್ಬ ಇದನ್ನು ಜ್ಯಾಕನಿಗೆ ತೋರಿಸಿಕೊಡುತ್ತಾನೆ. ಅಡುಗೆಯವನು ಉಗ್ರಾಣದಲ್ಲಿರುವ ದಿನಸಿಯನ್ನೆಲ್ಲ ಹೆಸರು ಹಿಡಿದು ಹೇಳುತ್ತಾನೆ. ಆತುರದ ಓದುಗ ಈ ಪುಟಗಳನ್ನು ಹಾರಿಸಿಬಿಡಬಹುದು. ಕಾದಂಬರಿಯ ಮೂಲಧನ ಇರುವುದು ಇವುಗಳಲ್ಲಿಯೇ. ಪರಿಚಯವಿಲ್ಲದ ಗಿರಾಕಿಗೆ ದೊಡ್ಡ ಸಾಲ ಕೊಡುವ ಮೊದಲು ಅವನ ಸಣ್ಣ ವ್ಯವಹಾರಗಳು ಸರಿಯಾಗಿವೆಯೇ ಎಂದು ನೋಡುವುದು ಲೇವಾದೇವಿಯ ಮೊದಲ ಪಾಠ, ಓದುಗನೂ ಹಾಗೆಯೇ. ಬಾಯ್ಲರಿನ ಕವಾಟ, ಉಗ್ರಾಣದ ಡಬ್ಬಗಳು, ಸಂದರ್ಶನದ ಅವಮಾನ ಇವು ಮೂರೂ ತಾಳೆಯಾದ ಮೇಲೆ, ಬಾಗಿಲಾಚೆ ಸತ್ತ ಹೆಂಗಸೊಬ್ಬಳಿದ್ದಾಳೆಂದರೂ ಅವನು ನಂಬುತ್ತಾನೆ. ಕೊನೆಗೆ ಹೋಟೆಲನ್ನು ನಾಶಮಾಡುವುದು ಮಂತ್ರವಲ್ಲ, ಮರೆತುಹೋದ ಅದೇ ಬಾಯ್ಲರು.

ಸಂಬಳದವನ ಭಯ ಕನ್ನಡಕ್ಕೆ ಅಪರಿಚಿತವೆಂದು ಇದರಿಂದ ತಿಳಿಯಬಾರದು. ಯಶವಂತ ಚಿತ್ತಾಲರ 'ಶಿಕಾರಿ' (1979) ಮುಂಬಯಿಯ ಕಂಪನಿಯೊಂದರಲ್ಲಿ ಅಧಿಕಾರಿಯಾದ ನಾಗಪ್ಪನ ಕಥೆ. ಕಾರಣ ತಿಳಿಯದ ಅಮಾನತಿಗೆ ಸಿಕ್ಕ ಮನುಷ್ಯನ ತಳಮಳವನ್ನು ಅದಕ್ಕಿಂತ ಆಳವಾಗಿ ಬಗೆದ ಕನ್ನಡ ಕಾದಂಬರಿಯನ್ನು ಹೆಸರಿಸುವುದು ಕಷ್ಟ. ಮನಸ್ಸಿನ ಸೂಕ್ಷ್ಮದಲ್ಲಿ ಚಿತ್ತಾಲರು ಕಿಂಗರಿಗಿಂತ ಬಹು ಮುಂದೆ ಹೋಗಿದ್ದಾರೆ. ಆದರೆ ನಾಗಪ್ಪನ ಭಯವು ಬಹುಮಟ್ಟಿಗೆ ಅವನ ಚಿತ್ತದಲ್ಲಿಯೇ ಸುಳಿಯುತ್ತದೆ. ಜ್ಯಾಕನ ಭಯವು ಒತ್ತಡದ ಮಾಪಕದ ಮುಳ್ಳಿನಲ್ಲಿ ಏರುವುದನ್ನು ಕಣ್ಣಿಂದ ನೋಡಬಹುದು. ಒಳಗಿನದಕ್ಕೆ ಹೊರಗೊಂದು ವಸ್ತುವನ್ನು ಹುಡುಕಿಕೊಡುವ ಈ ಕೌಶಲವನ್ನು ಅಗ್ಗದ್ದೆಂದು ತಳ್ಳಿಹಾಕುವ ಅಭ್ಯಾಸ ನವ್ಯದ ಕಾಲದಿಂದ ಕನ್ನಡ ವಿಮರ್ಶೆಯಲ್ಲಿ ಬೇರೂರಿತು. ಇದರ ನಷ್ಟವನ್ನು ಹೊತ್ತವನು ಜನಪ್ರಿಯ ಲೇಖಕನಲ್ಲ, ಅವನಿಗೆ ಓದುಗರಿದ್ದರು. ನಷ್ಟವಾದುದು ಗಂಭೀರ ಗದ್ಯಕ್ಕೆ.

ಚಿತ್ತಾಲರ ಕಾದಂಬರಿ ಬಂದ ವರ್ಷವೇ ಕಿಂಗರ 'ದಿ ಡೆಡ್ ಜೋನ್' ಪ್ರಕಟವಾಯಿತು. ಅಪಘಾತಕ್ಕೆ ಸಿಕ್ಕಿ ನಾಲ್ಕೂವರೆ ವರ್ಷ ಎಚ್ಚರವಿಲ್ಲದೆ ಮಲಗಿದ್ದ ಉಪಾಧ್ಯಾಯ ಜಾನಿ ಸ್ಮಿತ್‌ಗೆ, ಎದ್ದ ಮೇಲೆ ಮನುಷ್ಯರನ್ನೋ ವಸ್ತುಗಳನ್ನೋ ಮುಟ್ಟಿದರೆ ಸಾಕು, ಅವರ ಹಿಂದುಮುಂದುಗಳು ಗೋಚರಿಸುತ್ತವೆ. ಕನ್ನಡದ ಓದುಗನಿಗೆ ಇಲ್ಲಿ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' (1968) ನೆನಪಾಗದಿರದು. ಅಜ್ಜಿಯೂ ಹಳೆಯ ವಸ್ತುಗಳನ್ನು ಮುಟ್ಟಿಯೇ ಕಾಣುತ್ತಾಳೆ. ಕಾರಂತರ ಉದ್ದೇಶ ದೊಡ್ಡದು: ಅಜ್ಜಿಯ ಕಾಣ್ಕೆಯ ಮೂಲಕ ಮನುಷ್ಯಕುಲದ ನಂಬಿಕೆಗಳ ಚರಿತ್ರೆಯನ್ನೇ ಶೋಧಿಸುವುದು. ಕಿಂಗರ ಉದ್ದೇಶ ಅಷ್ಟು ದೊಡ್ಡದಲ್ಲ. ಆದರೆ ಆ ಶಕ್ತಿಗೆ ತೆರಬೇಕಾದ ಬೆಲೆಯನ್ನು ಅವರು ಬಿಡದೆ ಲೆಕ್ಕ ಹಾಕುತ್ತಾರೆ. ವೃತ್ತಪತ್ರಿಕೆಗಳಲ್ಲಿ ಹೆಸರು ಬಂದ ಮೇಲೆ ಶಾಲೆಯವರು ಜಾನಿಯನ್ನು ವಿವಾದಾಸ್ಪದ ವ್ಯಕ್ತಿಯೆಂದು ಕೆಲಸಕ್ಕೆ ಕರೆಯುವುದಿಲ್ಲ. ಪ್ರಿಯತಮೆ ಆಗಲೇ ಮತ್ತೊಬ್ಬನ ಹೆಂಡತಿಯಾಗಿದ್ದಾಳೆ. ದಿವ್ಯದೃಷ್ಟಿ ಬಂದವನಿಗೆ ಉದ್ಯೋಗ ಹೋಗುತ್ತದೆಂಬ ಈ ಸಂಗತಿಯನ್ನು ಪುರಾಣಕಾರರು ಯೋಚಿಸಬೇಕಾಗಿರಲಿಲ್ಲ; ಕಾದಂಬರಿಕಾರ ಯೋಚಿಸಬೇಕು.

'ಮಿಸರಿ' (1987) ಎಂಬ ಕಾದಂಬರಿಯಲ್ಲಿ ಪ್ರೇತವೇ ಇಲ್ಲ. ಕಾಲು ಮುರಿದ ಲೇಖಕನೊಬ್ಬನು ತನ್ನ ಹುಚ್ಚು ಅಭಿಮಾನಿನಿಯ ಮನೆಯಲ್ಲಿ ಸೆರೆಯಾಗಿ, ತಾನು ಕೊಂದುಹಾಕಿದ ಕಥಾನಾಯಕಿಯನ್ನು ಮತ್ತೆ ಬದುಕಿಸಿ ಬರೆಯಬೇಕಾಗುತ್ತದೆ. ಅವನ ಮೊದಲ ಪ್ರಯತ್ನವನ್ನು ಆಕೆ ತಿರಸ್ಕರಿಸುತ್ತಾಳೆ: ಹಿಂದಿನ ಪುಸ್ತಕದಲ್ಲಿ ನಡೆದುದಕ್ಕೆ ಇದು ಹೊಂದುವುದಿಲ್ಲ, ಇದು ಮೋಸ. ಲೇಖಕನು ಒಳಗೊಳಗೇ ಅವಳ ಮಾತು ನ್ಯಾಯವೆಂದು ಒಪ್ಪುತ್ತಾನೆ. ಜನಪ್ರಿಯ ಕಥೆಯ ಓದುಗ ಏನು ಕೊಟ್ಟರೂ ನುಂಗುತ್ತಾನೆಂಬ ಪಂಡಿತರ ತಾತ್ಸಾರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ದೊರೆಯಲಾರದು.

2000ದಲ್ಲಿ ಹೊರಬಂದ 'ಆನ್ ರೈಟಿಂಗ್' ಎಂಬ ಪುಸ್ತಕದ ಉಪದೇಶಗಳು ಬಹು ಪ್ರಸಿದ್ಧವಾಗಿವೆ. ಎರಡನೆಯ ಕರಡಿನಲ್ಲಿ ನೂರಕ್ಕೆ ಹತ್ತರಷ್ಟನ್ನು ಕಳೆಯಬೇಕೆಂಬುದು ಅವುಗಳಲ್ಲೊಂದು. ಕ್ರಿಯಾವಿಶೇಷಣಗಳನ್ನು ದೂರವಿಡಬೇಕೆಂಬುದು ಇನ್ನೊಂದು. ಎರಡನೆಯದು ಕನ್ನಡಕ್ಕೆ ಚೆನ್ನಾಗಿ ಅನ್ವಯಿಸುತ್ತದೆ. 'ಗಂಭೀರವಾಗಿ ನುಡಿದನು', 'ವಿಷಾದದಿಂದ ನಕ್ಕಳು' ಎಂಬ ಬಗೆಯ ಬಾಲಂಗೋಚಿಗಳನ್ನು ಕತ್ತರಿಸಿದರೆ ಕನ್ನಡದ ಎಷ್ಟೋ ಸಂಭಾಷಣೆಗಳು ಉಸಿರಾಡಿಯಾವು. ಮೊದಲನೆಯದನ್ನು ಬೋಧಿಸಿದವರು ತಾವೇ ಪಾಲಿಸಿದ್ದಾರೆಯೆ ಎಂಬುದು ಸಂದೇಹ. 1978ರ 'ದಿ ಸ್ಟ್ಯಾಂಡ್' ಕಾದಂಬರಿಯಿಂದ ಮೊದಲು ತೆಗೆದುಹಾಕಿದ್ದ ಭಾಗಗಳನ್ನು 1990ರಲ್ಲಿ ಮರಳಿ ಸೇರಿಸಿದಾಗ ಪುಟಗಳ ಸಂಖ್ಯೆ ಸಾವಿರವನ್ನು ಮೀರಿತು.

ಅವರ ನಿಜವಾದ ದೌರ್ಬಲ್ಯವು ಗಾತ್ರವಲ್ಲ, ಮುಕ್ತಾಯ. 1986ರ 'ಇಟ್' ಕಾದಂಬರಿಯ ಮೊದಲಲ್ಲಿ ಆರು ವರ್ಷದ ಹುಡುಗನೊಬ್ಬನು, ಅಣ್ಣ ಮಾಡಿಕೊಡಲಿರುವ ಕಾಗದದ ದೋಣಿಗೆ ಬಳಿಯಲು ಮೇಣವನ್ನು ತರುವುದಕ್ಕಾಗಿ ಕತ್ತಲೆಯ ನೆಲಮಾಳಿಗೆಗೆ ಇಳಿಯುತ್ತಾನೆ. ಅಲ್ಲಿ ಏನೂ ಇಲ್ಲ. ಏನೋ ಇದೆಯೆಂಬ ಶಂಕೆ ಮಾತ್ರ. ಆ ಕೆಲವು ಪುಟಗಳಲ್ಲಿ ಭಯಾನಕವು ಪರಿಪುಷ್ಟವಾಗಿದೆ. ಮುಚ್ಚಿದ ಬಾಗಿಲು ತೆರೆದಾಗ ಕಾಣುವ ವಿಕಾರವು, ಎಷ್ಟೇ ದೊಡ್ಡದಾಗಿರಲಿ, ಕಲ್ಪಿಸಿಕೊಂಡುದಕ್ಕಿಂತ ಚಿಕ್ಕದಾಗಿಯೇ ತೋರುತ್ತದೆಂಬುದನ್ನು ಕಿಂಗರೇ 'ಡಾನ್ಸ್ ಮಕಾಬರ್' ಗ್ರಂಥದಲ್ಲಿ ಚರ್ಚಿಸಿದ್ದಾರೆ. ಆದರೂ ಬಾಗಿಲು ತೆರೆಯದಿರುವುದು ಹೇಡಿತನವೆಂದು ಅವರ ಪಕ್ಷ. ಹೀಗಾಗಿ 'ಇಟ್' ಕಾದಂಬರಿಯ ಕೊನೆಗೂ ಬಾಗಿಲನ್ನು ತೆರೆಯುತ್ತಾರೆ. ಒಳಗೆ ಕುಳಿತಿರುವುದು ಒಂದು ದೊಡ್ಡ ಜೇಡ.